ಕಾಲಂ ಇಲ್ಲದ್ದು

ಮುಳುಗಡಿ ಆಫೀಸಿನಾಗ ನಾನು ಟೇಪ ಹಿಡಿಯಾಂವ.
ಬಾಗಲಕೋಟಿ ಕಿಲ್ಲಾ ಓಣ್ಯಾಗ ಮನಿ ಮನಿ ಹೊಕ್ಕು
ಗ್ವಾಡಿ ಎಷ್ಟು ದಪ್ಪ, ಜಂತಿ ಎಷ್ಟು,
ತೊಲಿ ಸಾಗವಾನಿದೋ ಬೇವಿಂದೋ,
ಬಚ್ಚಲಕ್ಕ ಬಾಗಲಾ ಐತೋ ಇಲ್ಲೋ
ಎಲ್ಲಾ ಬರಕೋತಿದ್ದೆ. ಕಟ್ಟಿದ್ದಕ್ಕೆಲ್ಲಾ ಒಂದೊಂದು ದರ.
ಮಂದಿ ತಾವಽ ಕರದು ತೋರಸ್ತಿದ್ರು:
ಇದನ್ನೊಂದು ಬರಕೋರಿ ಸಾಹೇಬ್ರ, ಈ ಮಾಡ, ಈ ಒಳ್ಳು.

ನನಗೂ ರೂಢಿ ಆತು.
ಕೇಳದಽ ಒಳಗ ಹೋಗೂದು,
ಮಲಗೋ ಖೋಲಿ ಪರದೆ ಪೆನ್ನಿಲೇ ಸರಸೂದು.

ಗುರುಸಂಗವ್ವನ ಮನಿ. ನಂಬರ ನೆನಪಿಲ್ಲ.
ಕುಪ್ಪಸ ಹೊಲಿಯಾಕಿ, ಒಬ್ಬಾಕೇ ಇರಾಕಿ.
ಪಡಸಾಲಿ ತೋರಿಸಿದ್ಲು, ಅಡಗಿಮನಿ ತೋರಿಸಿದ್ಲು,
ಹಗೇವಿನ ಬಾಯಿ ಕಲ್ಲು ತಾನಽ ಸರಿಸಿ
ಕಂದೀಲ ಹಿಡದ್ಲು, ನಾ ಇಳದು ಆಳ ಅಳದೆ.
ಮ್ಯಾಲ ಬಂದಾಗ ಕಂಡಿತು
ಜಗಲಿ ಬಾಜೂಕ ಒಂದು ತಗಡಿನ ಟ್ರಂಕು.

"ಇದರಾಗ ಏನೈತೆವ್ವಾ?"
"ಏನಿಲ್ಲ."
"ಏನಿಲ್ಲಂದ್ರ ತಗದು ತೋರಸಲ್ಲ."

ಆಕಿ ಸೆರಗ ಸರಿ ಮಾಡಿಕೊಂಡು ಟ್ರಂಕಿನ ಮ್ಯಾಲ ಕುಂತ್ಲು.
ಸಿಟ್ಟಿರಲಿಲ್ಲ. ಬಿಸಲಾಗ ನಡದು ಬಂದಾಕಿ
ಯಾರದೋ ಕಟ್ಟಿ ಮ್ಯಾಲ ದಣಿವಾರಿಸಿಕೊಂಡಂಗ.
"ಏನಿಲ್ಲಂತ ಹೇಳೇನಲ್ಲಪಾ, ಸಾಕಾಗಲಿಲ್ಲೇನು?
ಮುಚ್ಚಿಟ್ಟದ್ದೆಲ್ಲಾ ಬಚ್ಚಿಟ್ಟದ್ದಲ್ಲ.
ಹೆಪ್ಪ ಹಾಕಿದ ಗಡಗೀನೂ ಮುಚ್ಚೇ ಇಡತೀವಿ.
ಅದೇನು ಕಳವಿನ ಹಾಲಽ?"

ಹಗೇವಿನ ಧೂಳಾ ಮಾರಿ ಮ್ಯಾಲ ಹಂಗಽ ಇತ್ತು.
ಫಾರ್ಮು ತಿರಿವಿ ಮುರಿವಿ ನೋಡಿದೆ.
ಟ್ರಂಕಿಗೆ ಕಾಲಂ ಇರಲೇ ಇಲ್ಲ.
ಸರಕಾರ ಕೇಳಿರಲಿಲ್ಲ ಅದನ್ನ.
ಕೇಳಿದಾಂವ ನಾನು.

ಮುಂದಿನ ವರ್ಷ ನಮ್ಮ ಓಣಿ ಪಾಳಿ.
ನನ್ನ ಮನಿ ನಾನಽ ಅಳಿಯೂ ಹಂಗಿಲ್ಲ,
ದಾವಲಸಾಬ ಬಂದಾ.
ಒಂದಽ ಬುತ್ತಿ ಬಿಚ್ಚಿ ಜೋಡೀಲೇ ಉಂಡಾಂವ, ಒಳ್ಳೇ ಮನಶ್ಯಾ,
ಚಪ್ಪಲಿ ಹೊರಗ ಬಿಟ್ಟಽ ಒಳಗ ಬಂದಾ.
ಖೋಲಿ ಬಾಗಲಾ ಅಳ್ಯಾಕಂತ ಇತ್ತಾಗ ಎಳದಾ.
ಹಿಂದ ಗ್ವಾಡಿ ಮ್ಯಾಲ ಇದ್ದಲಿ ಗೀರು,
ಹನ್ನೊಂದು ಪೂರಾ, ಒಂದು ಅರ್ಧಕ್ಕಽ ನಿಂತದ್ದು.
"ಇವೇನೋ ಮಾರಾಯಾ?"
"ಹಾಲಿನ ಲೆಕ್ಕ," ಅಂದೆ.
ನಕ್ಕಾ, ಟೇಪ ಸುತ್ತಿದಾ, ಚಾ ಕುಡದು ಹೋದಾ.

ಹಾಲಿನ ಲೆಕ್ಕ ಅಲ್ಲ ಅದು.
ತಪ್ಪಿಂದಲ್ಲ, ನಾಚಿಕಿದೂ ಅಲ್ಲ.
ಹೇಳಿದ್ರ ಯಾರೂ ಏನೂ ಅನ್ನತಿರಲಿಲ್ಲ,
'ಇಷ್ಟಽ ಏನು?' ಅಂತಿದ್ರು.
ಆ 'ಇಷ್ಟಽ'ಕ್ಕ ಅಂಜಿದೆ ನಾನು.
ನಮ್ಮಾಕಿ ಮತ್ತ ನಾನು
ದೀಪಾ ಸಣ್ಣ ಮಾಡಿ ಎಳದ ಗೀರು.
ನಿಮಗೂ ಹೇಳೂದಿಲ್ಲ.

ಆಕಿ ಹೋದ್ಲು. ಗ್ವಾಡಿ ಹೋತು.
ಬ್ಯಾಸಗ್ಯಾಗ ಹಿನ್ನೀರು ಇಳದಾಗ
ಹುಡುಗ್ರು ಫೋಟೋ ಹೊಡ್ಯಾಕ ಹೊಕ್ಕಾರ,
ಚಾವಣಿ ಇಲ್ಲದ ಖೋಲಿಗಳಾಗ ನಿಂತು ನಗತಾರ.
ಘಟಪ್ರಭಾ ಅದನ್ನ ಎಂದೋ ಓದಿರಬೇಕು.
ಓದಿ ಅಳಿಸಿರಬೇಕು.

ಈಗ ನವನಗರ. ಸೆಕ್ಟರು, ನಂಬರು, ನಳಾ.
ಮೊಮ್ಮಗ ಹೊಸಾ ಫೋನ ಕೊಡಿಸ್ಯಾನ.
ಅದು ಒಂದೊಂದಽ ಕೇಳತೈತಿ, ಭಾಳ ಮರ್ಯಾದಿಲೇ:
ಎಲ್ಲಿದ್ದೀರಿ, ಯಾರ ಯಾರು ಪರಿಚಯ,
ನಿಮ್ಮ ಫೋಟೋ ಎಲ್ಲಾ ನೋಡಬಹುದೇ.
"ಹೂಂ ಅಂತ ಒತ್ತು ಅಜ್ಜಾ,
ನಿಂದೇನೈತಿ ಮುಚ್ಚೂದು?"

ಒಳ್ಳೇ ಹುಡುಗ. ದಾವಲಸಾಬನ ಹಂಗ.
ಆದ್ರ ನನಗ ಕೇಳಿಸಿದ್ದು
ಯಾವದೋ ಓಣ್ಯಾಗ
ಪೆನ್ನಿಲೇ ಪರದೆ ಸರಿದ ಸಪ್ಪಳ.

ಫೋನ ಬೋರಲ ಹಾಕಿ
ಅದರ ಮ್ಯಾಲ ಚಷ್ಮಾದ ಡಬ್ಬಿ ಇಟ್ಟೆ.
"ಏನಾತಜ್ಜಾ?"
"ಏನಿಲ್ಲ," ಅಂದೆ.